ಮಂಗಳವಾರ ಬಾರದ ಗಾಡಿಗಳು

ಗಂಗಾಧರಪ್ಪನವರು ನಮಗೆ ಕಲಿಸುತ್ತಿದ್ದ ವಿದ್ಯೆಗೆ ಆಗ ಒಂದು ಗಟ್ಟಿ ಹೆಸರಿರಲಿಲ್ಲ. ಸರ್ಕಾರದ ಕಾಗದದಲ್ಲಿ ಏನೋ ಉದ್ದನೆಯ ಹೆಸರಿತ್ತು. ಶಿಕಾರಿಪುರದ ಪೇಟೆಯವರು ಮಾತ್ರ ಅದನ್ನು ‘ಕೇಳೋ ಕ್ಲಾಸು’ ಎಂದು ಕರೆದು ನಗುತ್ತಿದ್ದರು.

ಸಹಕಾರ ಸಂಘದ ಕೆಲಸಕ್ಕೆ ಸೇರುವವರಿಗಾಗಿ ನಡೆಸಿದ ತರಬೇತಿ ಅದು. ಸಂಘವಾಗಲಿ, ಅಂಗಡಿಯಾಗಲಿ, ನಡೆಯುತ್ತಿರುವ ಕೆಲಸದ ಕ್ರಮವನ್ನು ಬದಲಿಸುವ ಮುಂಚೆ ಅದರಲ್ಲಿ ದುಡಿಯುವವರನ್ನೂ ಅದರಿಂದ ಪ್ರಯೋಜನ ಪಡೆಯುವವರನ್ನೂ ಕಂಡು, ಇವತ್ತು ಕೆಲಸ ಹೇಗೆ ಸಾಗುತ್ತಿದೆ, ಎಲ್ಲಿ ತೊಡಕಾಗುತ್ತಿದೆ ಎಂದು ತಿಳಿಯಬೇಕು; ಹೊಸ ಕ್ರಮ ಹಾಕುವುದು ಆಮೇಲೆ. ಇಷ್ಟೇ ಪಾಠ. ಗಂಗಾಧರಪ್ಪನವರು ಉಡುತಡಿಯ ರೈತ ಬೆನಕಪ್ಪನವರ ಮಗ. ಸಂಘವೊಂದರಲ್ಲಿ ಗುಮಾಸ್ತರಾಗಿದ್ದು, ಪುಣೆಗೆ ಹೋಗಿ ಈ ವಿದ್ಯೆ ಕಲಿತು ಬಂದಿದ್ದರು.

ನಾನು ತೊಗರ್ಸಿಯ ಹತ್ತಿರದ ಹಳ್ಳಿಯವನು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ. ೧೯೫೮ರ ಬೇಸಿಗೆಯಲ್ಲಿ ಆ ತರಗತಿಗೆ ಸೇರಿದಾಗ, ಬರೆಯುವುದನ್ನು ಕಲಿತವನಿಗೆ ಕೇಳುವುದನ್ನು ಯಾರಾದರೂ ಕಲಿಸಬೇಕೇ ಎಂದುಕೊಂಡಿದ್ದೆ.

ಮೊದಲ ವಾರ ಅವರು ನಮ್ಮನ್ನು ಬಸಕ್ಕನ ಖಾನಾವಳಿಗೆ ಕಳಿಸಿದರು. ಸಂತೆಯ ದಿನ ಅಲ್ಲಿ ಜನ ಊಟಕ್ಕೆ ನಿಂತು ಕಾಯುತ್ತಿದ್ದರು. ಕಾರಣ ತಿಳಿದು ಬನ್ನಿ ಎಂದಿದ್ದರು. ನಾವು ಒಲೆಯ ಮುಂದೆ ಸಾಲಾಗಿ ನಿಂತು, ನಿಮಗೆ ಏನು ಅನುಕೂಲ ಬೇಕು ಎಂದು ಕೇಳಿದೆವು. ಬಸಕ್ಕ ರೊಟ್ಟಿ ತಟ್ಟುತ್ತಲೇ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

“ಬಿ.ಎ. ಓದಿದೋರು ರೊಟ್ಟಿ ಎಣಿಸಾಕ ಬಂದೀರೇನು? ನನಗೇನೂ ಬ್ಯಾಡ್ರಪ್ಪ. ಬಾಗಿಲು ಬಿಟ್ಟು ನಿಲ್ರಿ, ಹೊಗೆ ಹೋಗ್ಲಿ.”

ಮರುದಿನ ಗಂಗಾಧರಪ್ಪನವರೇ ಬಂದು ಮಣೆ ಎಳೆದುಕೊಂಡು ಕೂತರು. ಏನು ಬೇಕು ಎಂಬ ಮಾತನ್ನೇ ಎತ್ತಲಿಲ್ಲ. ಹೋದ ಸಂತೆಯ ದಿನ ಬಾಗಿಲು ತೆಗೆದಾಗಿನಿಂದ ಏನೇನಾಯಿತು ಹೇಳು ತಾಯಿ ಎಂದರು. ಅವಳು ನಿಲ್ಲಿಸಿದಲ್ಲೆಲ್ಲ “ಆಮೇಲೆ?” ಎನ್ನುವುದೊಂದೇ ಅವರ ಕೆಲಸ. ನೀರು ತರುವವಳು ಸಂತೆಯ ದಿನ ಸೊಪ್ಪು ಮಾರಲು ಕೂರುತ್ತಾಳೆ, ಅದಕ್ಕೇ ಪಾತ್ರೆ ತೊಳೆಯುವುದು ತಡ, ಅದಕ್ಕೇ ತಟ್ಟೆಗಳಿಲ್ಲ ಎಂಬುದು ಹಾಗೆ ಹೊರಬಂತು. ಜನ ಕಾಯುತ್ತಿದ್ದದ್ದು ರೊಟ್ಟಿಗಲ್ಲ, ತಟ್ಟೆಗೆ. ಬಸಕ್ಕನಿಗೂ ಅದು ಹೇಳುತ್ತ ಹೇಳುತ್ತಲೇ ಹೊಳೆದಿತ್ತು.

ಆ “ಆಮೇಲೆ?” ಅವರನ್ನು ಮನೆಯಲ್ಲೂ ಬಿಟ್ಟಿರಲಿಲ್ಲ. ಬಂದ ಬೀಗರನ್ನೂ ಹೀಗೆ ಕೇಳಿ ಕೇಳಿ ಸಾರು ತಣ್ಣಗಾಗಿಸುತ್ತಾರೆ ಎಂದು ಅವರ ಹೆಂಡತಿ ನೀಲಾಂಬಿಕಮ್ಮನವರು ನಮ್ಮೆದುರಿಗೇ ದೂರುತ್ತಿದ್ದರು. ಊರು ಬಿಟ್ಟು ಬಂದ ನನ್ನಂಥವರಿಗೆ ಆ ತಾಯಿ ಬಡಿಸಿದ ಊಟವನ್ನು ನಾನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ.

ತರಗತಿ ನಡೆಸುತ್ತಿದ್ದ ಸಮಿತಿಯಲ್ಲಿ ಎಲ್ಲರಿಗೂ ಇದರ ಮೇಲೆ ನಂಬಿಕೆಯಿರಲಿಲ್ಲ. ಸೊರಬದ ಸಂಘದ ಅಧ್ಯಕ್ಷ ತೋಟಪ್ಪನವರಿಗಂತೂ ಇದು ಹುಡುಗರ ಕಾಲಹರಣವಾಗಿ ಕಂಡಿತ್ತು. ಕೊನೆಗೆ ಸಮಿತಿ ಒಂದು ಷರತ್ತು ಹಾಕಿತು. ಹಿಂದಿನ ವರ್ಷ ಸೊರಬದಲ್ಲಿ ಬಿತ್ತನೆ ಭತ್ತ ಹಂಚುವಾಗ ಎಲ್ಲ ಹಳ್ಳಿಗಳ ಗಾಡಿಗಳೂ ಒಟ್ಟಿಗೆ ಬಂದು ರಸ್ತೆಯಲ್ಲಿ ಸಿಕ್ಕಿಕೊಂಡಿದ್ದವು. ಎಷ್ಟೋ ರೈತರು ಬೀಜವಿಲ್ಲದೆ ಹಿಂದಿರುಗಿದ್ದರು. ಈ ವರ್ಷ ಗಂಗಾಧರಪ್ಪನವರು ಅದನ್ನು ಸರಿಪಡಿಸಿ ತೋರಿಸಿದರೆ ತರಗತಿ ಉಳಿಯುತ್ತದೆ. ಇಲ್ಲದಿದ್ದರೆ ನಮ್ಮ ತಂಡವೇ ಕೊನೆ, ಅವರು ಮತ್ತೆ ಗುಮಾಸ್ತಿಕೆಗೆ.

ನಾವು ಸೊರಬದ ಸುತ್ತಿನ ಹಳ್ಳಿಗಳನ್ನೆಲ್ಲ ಅಲೆದೆವು. ಜಗಲಿಗಳಲ್ಲಿ ಕೂತು ಕೇಳಿದೆವು. ಒಂದೊಂದು ದಾರಿಯ ಹಳ್ಳಿಗಳಿಗೆ ಒಂದೊಂದು ದಿನವೆಂದು ಗಂಗಾಧರಪ್ಪನವರು ಕ್ರಮ ಹಾಕಿ, ತಾವೇ ಹೋಗಿ ಹಳ್ಳಿಗಳಿಗೆ ತಿಳಿಸಿದರು. ಸೋಮವಾರ ಬೀಜ ಹಂಚುವ ಸಂಘದ ಗೋಡೌನಿಗೆ ರಜೆ. ಅದನ್ನು ಯಾರೂ ಚರ್ಚಿಸಲಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬುದು ಉಡುತಡಿಯಲ್ಲೂ ನಮ್ಮೂರಲ್ಲೂ ಹುಟ್ಟಿದ ಮಗುವಿಗೂ ಗೊತ್ತು.

ಶನಿವಾರ ಹಂಚಿಕೆ ಶುರುವಾಯಿತು. ಶನಿವಾರ, ಭಾನುವಾರ ಗಾಡಿಗಳು ಬಂದವು, ತುಂಬಿಕೊಂಡವು, ಹೋದವು. ತೋಟಪ್ಪನವರೂ ಏನೂ ಅನ್ನಲಿಲ್ಲ. ಮಂಗಳವಾರ ಚಂದ್ರಗುತ್ತಿ ದಾರಿಯ ಹಳ್ಳಿಗಳ ಸರದಿ. ಬಿಸಿಲೇರಿದರೂ ಒಂದು ಗಾಡಿಯೂ ಕಾಣಲಿಲ್ಲ. ಹಮಾಲರು ಚೀಲದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ತೋಟಪ್ಪನವರು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದರು.

“ಏನ್ರೀ ಗಂಗಾಧರಪ್ಪನೋರೇ, ಜನಾನೆಲ್ಲ ಕೇಳಿದ್ರಿ. ಎತ್ತುಗಳನ್ನ ಕೇಳೋದು ಮರೆತ್ರೇನೋ.”

ಗಂಗಾಧರಪ್ಪನವರು ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಚಂದ್ರಗುತ್ತಿ ದಾರಿ ಹಿಡಿದರು. ಅವರ ಅಂಗಿಯ ಬೆನ್ನು ಬೆವರಿನಿಂದ ತೊಯ್ದದ್ದು ನನಗೆ ನೆನಪಿದೆ.

ಮೊದಲು ಸಿಕ್ಕಿದ ಹಳ್ಳಿಯಲ್ಲಿ ಹಿರಿಯ ಗುತ್ಯಪ್ಪನವರು ಜಗಲಿಯ ಮೇಲೆ ದನ ಕಟ್ಟುವ ಕಣ್ಣಿ ಹೊಸೆಯುತ್ತಿದ್ದರು. ಎತ್ತುಗಳು ಕೊಟ್ಟಿಗೆಯಲ್ಲಿ ಮಲಗಿದ್ದವು. ಅವರ ಹೆಂಡತಿ ಹೂವಮ್ಮ ಬೆಲ್ಲ, ನೀರು ತಂದಿಟ್ಟರು. ಗಂಗಾಧರಪ್ಪನವರು ನೀರು ಕುಡಿದು, ಇವತ್ತು ಗಾಡಿ ಬರಲಿಲ್ಲವಲ್ಲ ಎಂದಷ್ಟೇ ಅಂದರು.

“ಮಂಗ್ಳಾರ ಅಮ್ಮನ ವಾರ ಸ್ವಾಮಿ. ಈ ಕಡೆ ಯಾರೂ ಗಾಡಿ ಹೂಡಲ್ಲ,” ಎಂದರು ಗುತ್ಯಪ್ಪ.

“ಅವತ್ತು ನಾ ದಿನ ಹೇಳಿದಾಗ ಅನ್ನಬಾರದಿತ್ತೇ?”

“ನೀವು ಅಷ್ಟು ದೂರದಿಂದ ಬಂದು, ನಮ್ಮ ಮಾತೆಲ್ಲ ಕೇಳಿ, ಕೊನೆಗೆ ಮಂಗ್ಳಾರ ಬನ್ನಿ ಅಂದ್ರಿ. ಮನೆ ಬಾಗಿಲಿಗೆ ಬಂದೋರ ಮುಖಕ್ಕೆ ಆಗಲ್ಲ ಅನ್ನೋದು ಹೆಂಗೆ? ನಾಳೆ ಎಲ್ರೂ ಬಂದ್ಬಿಡ್ತೀವಿ ಬಿಡಿ.”

ಬುಧವಾರ ಆನವಟ್ಟಿ ದಾರಿಯವರ ದಿನ. ಇವರೂ ಸೇರಿದರೆ ಹಿಂದಿನ ವರ್ಷದ್ದೇ ಕಥೆ. ಗಂಗಾಧರಪ್ಪನವರು ಕೊಟ್ಟಿಗೆಯ ಕಡೆ ನೋಡಿ, ಸೋಮವಾರ ಇಲ್ಲಿ ಗಾಡಿ ಹೂಡುತ್ತಾರೆಯೇ ಎಂದು ಕೇಳಿದರು.

“ಹೂಡ್ದೆ ಏನು? ಸೋಮವಾರಕ್ಕೇನಾಗಿದೆ?”

ಗಂಗಾಧರಪ್ಪನವರು ತಮ್ಮ ಹಣೆಯನ್ನು ತಾವೇ ಮೆಲ್ಲಗೆ ಬಡಿದುಕೊಂಡು ನಕ್ಕರು. ಬರುವ ಸೋಮವಾರದವರೆಗೆ ತಡೆದರೆ ಬಿತ್ತನೆಗೆ ತೊಂದರೆಯಾಗುತ್ತದೆಯೇ ಎಂದು ವಿಚಾರಿಸಿದರು. ಭೂಮಿ ಇನ್ನೂ ಹದವಾಗಿಲ್ಲ, ತೊಂದರೆಯಿಲ್ಲ ಎಂದರು ಗುತ್ಯಪ್ಪ. ದಾರಿಯ ಉಳಿದ ಹಳ್ಳಿಗಳಿಗೂ ಹೋಗಿ ಕೇಳಿದೆವು. ಅಲ್ಲೂ ಅದೇ ಉತ್ತರ.

ಹಿಂದಿರುಗಿದ ಮೇಲೆ ಅವರು ಮೊದಲು ಹೋದದ್ದು ತೋಟಪ್ಪನವರ ಬಳಿಗಲ್ಲ, ಹಮಾಲರ ಬಳಿಗೆ. ಅವರಲ್ಲಿ ಹಿರಿಯನಾದ ಕೆಂಪಪ್ಪ, ಪೂಜೆ ಮುಗಿಸಿ ತಿಂಡಿ ಹೊತ್ತಿಗೆ ಬರುವುದಾದರೆ ಸೋಮವಾರವೂ ಬರುತ್ತೇವೆ ಎಂದ. ತೋಟಪ್ಪನವರು ಮಾತ್ರ ಒಪ್ಪಲಿಲ್ಲ. ತಾವು ಅಧ್ಯಕ್ಷರಾಗಿರುವವರೆಗೆ ಸೋಮವಾರ ಬೀಗ ತೆಗೆಯುವುದಿಲ್ಲ ಎಂದರು.

“ನಾನೂ ಸೋಮವಾರ ಒಪ್ಪೊತ್ತು ಇರೋನೇ ರೀ,” ಎಂದರು ಗಂಗಾಧರಪ್ಪನವರು. “ನಮ್ಮ ಎತ್ತು ಕೊಟ್ಟಿಗೆಯಲ್ಲೇ ಇರಲಿ. ಗೋಡೌನಿಗೆ ಯಾರೂ ನೊಗ ಕಟ್ಟೋದಿಲ್ಲವಲ್ಲ.”

ಪಕ್ಕದಲ್ಲಿದ್ದ ಕೆಂಪಪ್ಪ ನಕ್ಕುಬಿಟ್ಟ. ತೋಟಪ್ಪನವರು ನಗಲಿಲ್ಲ. ಆದರೆ ಬರುವ ಮಂಗಳವಾರದ ಸಂಜೆ ಸಮಿತಿಯ ಸಭೆಯಿದೆ, ಸೋಮವಾರ ಒಂದೇ ಒಂದು ಗಾಡಿ ಕಡಿಮೆಯಾದರೂ ಅಲ್ಲಿ ತಾವೇ ತರಗತಿ ಮುಚ್ಚಿಸುವುದಾಗಿ ಹೇಳಿ ಬೀಗದ ಕೈ ಕೊಟ್ಟರು.

ಸೋಮವಾರ ಗೋಡೌನಿನ ಬಾಗಿಲು ತೆರೆಯುವ ಹೊತ್ತಿಗೆ ಚಂದ್ರಗುತ್ತಿ ದಾರಿಯ ಗಾಡಿಗಳು ರಸ್ತೆಯ ಒಂದೇ ಬದಿಗೆ ಸಾಲು ಹಿಡಿದು ನಿಂತಿದ್ದವು. ಮುಂದಿನ ಗಾಡಿಯಲ್ಲಿ ಗುತ್ಯಪ್ಪ. ತೋಟಪ್ಪನವರು ತಮ್ಮ ಪೂಜೆ ಮುಗಿಸಿ, ವಿಭೂತಿ ಇನ್ನೂ ಒದ್ದೆಯಿರುವಾಗಲೇ ಬಂದು, ಕೊನೆಯ ಗಾಡಿ ತುಂಬುವವರೆಗೂ ನಿಂತೇ ನೋಡಿದರು. ಬೀಜವಿಲ್ಲದೆ ಯಾರೂ ಹಿಂದಿರುಗಲಿಲ್ಲ.

ಸಭೆಯಲ್ಲಿ ಗಂಗಾಧರಪ್ಪನವರು ಎದ್ದುನಿಂತು, ಆದ ತಪ್ಪು ತಮ್ಮದೆಂದು ಮೊದಲು ಹೇಳಿದರು. ಹಳ್ಳಿಯವರ ಹತ್ತಿರ ಎಲ್ಲವನ್ನೂ ಕೇಳಿದೆ, ಹುಟ್ಟಿನಿಂದ ನನಗೆ ಗೊತ್ತಿದೆ ಅಂದುಕೊಂಡ ಒಂದನ್ನು ಮಾತ್ರ ಕೇಳಲಿಲ್ಲ ಎಂದರು. ಆಮೇಲೆ ತೋಟಪ್ಪನವರು ಗಂಟಲು ಸರಿಮಾಡಿಕೊಂಡರು.

“ನಮ್ಮ ಸಂಘದ ಜಯಪ್ಪನ್ನ ಮುಂದಿನ ತಂಡಕ್ಕೆ ಕಳಿಸ್ತೀನಿ. ಅವನಿಗೂ ಬಾಯಿ ಜಾಸ್ತಿ, ಕಿವಿ ಕಡಿಮೆ.”

ತರಗತಿ ಉಳಿಯಿತು. ಮಳೆಗಾಲದಲ್ಲಿ ಎರಡನೆಯ ತಂಡ ಶುರುವಾದಾಗ ಗಂಗಾಧರಪ್ಪನವರು ನನ್ನನ್ನು ಸಹಾಯಕನಾಗಿ ಇಟ್ಟುಕೊಂಡರು. ಮೊದಲ ದಿನ ಅವರು ಹೊಸಬರಿಗೆ ಸೊರಬದ ಆ ಮಂಗಳವಾರವನ್ನೇ ಪಾಠವಾಗಿ ಹೇಳಿದರು, ಒಂದಿಷ್ಟೂ ಮುಚ್ಚಿಡದೆ. ತಮ್ಮ ತಪ್ಪನ್ನು ಹಾಗೆ ನಗುನಗುತ್ತ ಬೇರೆಯವರ ಉಪಯೋಗಕ್ಕೆ ಕೊಡುವ ಗುರುವಿನ ಪಕ್ಕದಲ್ಲಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು, ನಾನು ನನ್ನ ಮೊದಲ ಉದ್ಯೋಗದ ಮೊದಲ ದಿನ ನಿಂತಿದ್ದೆ.