ಉಣುಗಿನ ಲೆಕ್ಕಕ್ಕೆ ಸೊನ್ನೆ ಸೇರಿಸಿದ ತಸ್ಮಿಯಾ

ಬೆಳಗಿನ ಐದೂಮುಕ್ಕಾಲು. ಕೊಪ್ಪದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಕೋಣೆಯೊಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೂವತ್ತೊಂದು ವರ್ಷದ ತಸ್ಮಿಯಾ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಕಂಪ್ಯೂಟರಿಗೆ ಲೆಕ್ಕವೊಂದನ್ನು ಒಪ್ಪಿಸುತ್ತಾರೆ. ಈ ಹೊತ್ತಿನಲ್ಲಿ ವೋಲ್ಟೇಜ್ ಸ್ಥಿರವಾಗಿರುತ್ತದೆ. ಊರಿನ ಗೀಸರುಗಳೂ ಪಂಪ್‌ಸೆಟ್ಟುಗಳೂ ಏಳುವ ಮೊದಲೇ ಶುರುಮಾಡಿದರೆ ಒಂಬತ್ತೂವರೆಗೆ ಉತ್ತರ ಸಿಗುತ್ತದೆ. ನಡುವೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟರೆ ಮತ್ತೆ ಮೊದಲಿನಿಂದ.

ಆರು ಗಂಟೆಗೆ ಫೋನ್ ಸರದಿ. ಮೊದಲ ಕರೆ ನೆಮ್ಮಾರ್ ಕಡೆಯ ಪ್ರೇಮಕ್ಕನಿಗೆ. ಕಾಡಿನಂಚಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು, ರಕ್ತ ಹೀರುವ ಪುಟ್ಟ ಉಣುಗು ಹಿಡಿಯುವ ಎಂಟು ಜನರಲ್ಲಿ ಅವರೂ ಒಬ್ಬರು.

"ನಿನ್ನೆ ಎಂತ ಆಯ್ತು ಪ್ರೇಮಕ್ಕಾ?"

"ಎಂತದೂ ಇಲ್ಲ ಮಾರಾಯ್ತಿ. ನಾಲ್ಕು ಕಡೆ ಎಳೆದೆ. ಬಟ್ಟೆ ಹೋದ ಹಾಗೇ ವಾಪಸ್ ಬಂತು."

"ಬರೆದ್ರಾ?"

"ಬರೆದೆ, ಬರೆದೆ. ನಾಲ್ಕು ಸೊನ್ನೆ. ನಿನ್ನ ಕಾಟಕ್ಕೆ ಇನ್ನು ಬಾಗಿಲ ಮುಂದೆ ರಂಗೋಲಿ ಬದಲು ಸೊನ್ನೆನೇ ಹಾಕ್ಬೇಕು."

ತಸ್ಮಿಯಾ ನಗುತ್ತಾರೆ. ನಕ್ಕುಕೊಂಡೇ ನಾಲ್ಕನ್ನೂ ಪರದೆಯ ಮೇಲೆ ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳುತ್ತಾರೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಚಳಿಗಾಲ ಬಂತೆಂದರೆ ಮಂಗನ ಕಾಯಿಲೆಯ ಭಯವೂ ಬಂದಂತೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ನೆಲಕ್ಕೆ ಬೀಳುತ್ತದೆ. ಉದುರಿದ ದರಗೆಲೆ ಗುಡಿಸಲು, ಸೌದೆ ತರಲು ಹೋದವರ ಕಾಲಿಗೆ ಹತ್ತಿ, ಕಚ್ಚಿ ಜ್ವರ ಅಂಟಿಸುತ್ತದೆ. ಕಾಯಿಲೆಗೆಂದೇ ಮೀಸಲಾದ ಔಷಧಿಯಿಲ್ಲ. ಜ್ವರ ಶುರುವಾದ ಕೂಡಲೇ ಆಸ್ಪತ್ರೆ ಸೇರಿದರೆ ಬದುಕುಳಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ಜ್ವರ ಎಲ್ಲಿ ಬರಬಹುದೆಂದು ಮೊದಲೇ ಊಹಿಸುವುದಕ್ಕೆ ಬೆಲೆಯಿದೆ. ಆ ಊಹೆ ಹುಟ್ಟುವುದು ಈ ಕೋಣೆಯಲ್ಲಿ.

ತಸ್ಮಿಯಾ ಕೆಲಸ ಮಾಡುವ ಸಂಶೋಧನಾ ಯೋಜನೆ ಮೂರು ತಾಲ್ಲೂಕುಗಳ ಅರವತ್ತೊಂದು ಹಳ್ಳಿ, ಹಾಡಿಗಳ ಮೇಲೆ ಕಣ್ಣಿಟ್ಟಿದೆ. ಉಣುಗಿನ ಎಣಿಕೆ, ಸತ್ತ ಮಂಗಗಳ ವರದಿ, ಹಿಂದಿನ ವರ್ಷಗಳ ಜ್ವರ, ಮಳೆ, ದನಗಳ ಸಂಖ್ಯೆ, ಕಾಡಿಗೂ ಮನೆಗೂ ಇರುವ ದೂರ, ಇವೆಲ್ಲ ಕಂಪ್ಯೂಟರಿಗೆ ಹೋಗುತ್ತವೆ. ಯಂತ್ರ ಒಂದೇ ಉತ್ತರ ಕೊಟ್ಟು ಸುಮ್ಮನಾಗುವುದಿಲ್ಲ. ಈ ಸಂಖ್ಯೆಗಳಲ್ಲಿ ಇರಬಹುದಾದ ಏರುಪೇರನ್ನು ಲೆಕ್ಕಕ್ಕೆ ಹಿಡಿದು ಐದು ಸಾವಿರ ಸಲ ಲೆಕ್ಕ ಹಾಕಿ, ಯಾವ ಊರು ಎಷ್ಟು ಸಲ ಮೇಲೆ ಬಂತೆಂದು ನೋಡುತ್ತದೆ. ಕೊನೆಗೆ ಸಿಗುವುದು ಒಂದು ಪಟ್ಟಿ. ಡಿಸೆಂಬರ್ ಹತ್ತರೊಳಗೆ ಅದು ಸಿದ್ಧವಾಗಬೇಕು. ಮೊದಲ ಹನ್ನೆರಡು ಊರುಗಳಿಗೆ ಜನವರಿಗೆ ಮುಂಚೆಯೇ ಆರೋಗ್ಯ ತಂಡ ಹೋಗುತ್ತದೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತದೆ, ವಾರಕ್ಕೆರಡು ಸಲ ಮನೆಮನೆಯಲ್ಲಿ ಜ್ವರ ವಿಚಾರಿಸುತ್ತದೆ. ಇರುವುದು ಎರಡೇ ತಂಡ. ಹದಿಮೂರನೆಯ ಊರು ಫೆಬ್ರವರಿವರೆಗೆ ಕಾಯಬೇಕು.

ಈ ಲೆಕ್ಕದ ಸೂತ್ರ ಬರೆದವರು ಮೈಸೂರಿನಲ್ಲಿರುವ ಸಂಖ್ಯಾಶಾಸ್ತ್ರಜ್ಞೆ ಡಾ. ಅರ್ಪಣಾ. ತಸ್ಮಿಯಾ ಹುದ್ದೆಯ ಹೆಸರು ದತ್ತಾಂಶ ಸಹಾಯಕಿ. ಹನ್ನೊಂದು ತಿಂಗಳ ಗುತ್ತಿಗೆ, ಪ್ರತಿ ವರ್ಷ ಹೊಸದು. ಹುಟ್ಟಿದ್ದು ನರಸಿಂಹರಾಜಪುರದಲ್ಲಿ. ತಂದೆ ಯಾಕೂಬ್ ತಕ್ಕಡಿ ರಿಪೇರಿಯವರು. ಬಾಳೆಹೊನ್ನೂರಿನ ಕಾಫಿ, ಮೆಣಸಿನ ಅಂಗಡಿಗಳ ತಕ್ಕಡಿಗಳೆಲ್ಲ ಅವರ ಕೈಯಲ್ಲಿ ಹಾದುಹೋದವೇ. ಮಗಳು ಶಿವಮೊಗ್ಗದಲ್ಲಿ ಸಂಖ್ಯಾಶಾಸ್ತ್ರ ಇಟ್ಟುಕೊಂಡು ಬಿಎಸ್ಸಿ ಮುಗಿಸಿದರು. ಎಂಎಸ್ಸಿಗೆ ಸೇರಿದ ವರ್ಷವೇ ಯಾಕೂಬ್ ಅವರಿಗೆ ಪಾರ್ಶ್ವವಾಯು ಬಡಿಯಿತು, ಓದು ಅಲ್ಲಿಗೆ ನಿಂತಿತು. ಪ್ರೋಗ್ರಾಂ ಬರೆಯುವುದನ್ನು ಆಮೇಲೆ ಮನೆಯಲ್ಲೇ, ತಂದೆಯ ಮಂಚದ ಪಕ್ಕ ಕೂತು ಕಲಿತದ್ದು. "ಉಣುಗು ಎಣಿಸೋಕೆ ಬಿಎಸ್ಸಿ ಬೇಕಿತ್ತಾ ಅಂತ ಅಮ್ಮಿ ಇವತ್ತಿಗೂ ಕೇಳ್ತಾರೆ. ಎಣಿಸೋಕೆ ಬೇಡ, ಎಣಿಸಿದ್ದು ಸರಿಯಾ ಅಂತ ನೋಡೋಕೆ ಬೇಕು ಅಂತೀನಿ. ಅವರಿಗೆ ಎರಡೂ ಒಂದೇ," ಎನ್ನುತ್ತಾರೆ ತಸ್ಮಿಯಾ.

ಕಳೆದ ನವೆಂಬರ್ ಕೊನೆಯ ವಾರ ಆ ವ್ಯತ್ಯಾಸವೇ ದೊಡ್ಡದಾಯಿತು. ಪಟ್ಟಿ ಹೋಗಲು ಹದಿಮೂರು ದಿನವಿತ್ತು. ಎಂಟು ಜನರ ಎರಡು ವರ್ಷದ ಎಣಿಕೆಗಳನ್ನು ತಸ್ಮಿಯಾ ಒಂದರ ಪಕ್ಕ ಒಂದಿಟ್ಟು ನೋಡಿದರು. ಒಂದು ಎಳೆತವೆಂದರೆ ಕಂಪ್ಯೂಟರ್ ಗುರುತು ಮಾಡಿಕೊಟ್ಟ ಜಾಗದಲ್ಲಿ ನೂರು ಮೀಟರ್ ಬಟ್ಟೆ ಎಳೆಯುವುದು. ಏಳು ಜನರ ಆರುನೂರ ನಲವತ್ತು ಎಳೆತಗಳಲ್ಲಿ ಇನ್ನೂರ ಮೂವತ್ತೊಂದು ಖಾಲಿ. ಭಂಡಿಗಡಿ ಕಡೆಯ ಜಟ್ಟಪ್ಪನವರ ತೊಂಬತ್ತಾರು ಎಳೆತಗಳಲ್ಲಿ ಒಂದೂ ಖಾಲಿಯಿಲ್ಲ.

"ಅದೃಷ್ಟ ಇರಬಹುದು ಅಂದ್ಕೊಂಡೆ. ಕಂಪ್ಯೂಟರಲ್ಲಿ ಹತ್ತು ಸಾವಿರ ಜಟ್ಟಪ್ಪಣ್ಣಂದಿರನ್ನ ಕಾಡಿಗೆ ಕಳಿಸಿ ನೋಡಿದೆ. ಒಬ್ಬನೂ ತೊಂಬತ್ತಾರಕ್ಕೆ ತೊಂಬತ್ತಾರು ತರಲಿಲ್ಲ."

ಜಟ್ಟಪ್ಪನವರು ನೋಡಿಕೊಳ್ಳುವ ಎಂಟು ಊರುಗಳಲ್ಲಿ ಐದು ಮೊದಲ ಹನ್ನೆರಡರಲ್ಲಿದ್ದವು. ಪ್ರೇಮಕ್ಕನ ಪಾಲಿನ ಕಲ್ಲಹಡ್ಲು, ಎರಡು ವರ್ಷದ ಹಿಂದೆ ಮೂರು ಜನಕ್ಕೆ ಜ್ವರ ಬಂದಿದ್ದ ಇಪ್ಪತ್ತೆರಡು ಮನೆಯ ಹಾಡಿ, ಹದಿನಾಲ್ಕನೆಯ ಸ್ಥಾನದಲ್ಲಿತ್ತು. ಅಂದರೆ ಪಟ್ಟಿಯ ಹೊರಗೆ.

ಅರ್ಪಣಾ ಅವರಿಗೆ ಫೋನ್ ಹೋಯಿತು. ಸುಳ್ಳು ಎಣಿಕೆಯಿರಬಹುದು, ಜಟ್ಟಪ್ಪನವರ ದಾಖಲೆಗಳನ್ನೆಲ್ಲ ಕೈಬಿಡೋಣ ಎಂದರು ಅವರು. ಆದರೆ ಕೈಬಿಟ್ಟರೆ ಎಂಟು ಊರುಗಳ ಬಗ್ಗೆ ಏನೂ ತಿಳಿಯದಂತಾಗುತ್ತಿತ್ತು. ತಸ್ಮಿಯಾ ನಾಲ್ಕು ದಿನದ ಗಡುವು ಕೇಳಿಕೊಂಡು ಮರುದಿನ ಭಂಡಿಗಡಿ ಬಸ್ ಹತ್ತಿದರು.

ಐವತ್ತೆಂಟರ ಜಟ್ಟಪ್ಪ ಕಾಡಿನಿಂದ ಉಪ್ಪಾಗೆ, ಸೀಗೆ, ಅಣಬೆ ತಂದು ಬದುಕು ಕಟ್ಟಿದವರು. ಬಟ್ಟೆ ಒದ್ದೆಯಾದರೆ ಉಣುಗು ಹತ್ತುವುದಿಲ್ಲವಾದ್ದರಿಂದ ಇಬ್ಬನಿ ಆರುವವರೆಗೆ ಇಬ್ಬರೂ ಕಟ್ಟೆಯೊಂದರ ಮೇಲೆ ಕೂತರು. ಒಂಬತ್ತು ಗಂಟೆಗೆ ಮೊದಲ ಜಾಗ. ಜಟ್ಟಪ್ಪ ಮೊಬೈಲಿನ ಎಣಿಕೆ ಆ್ಯಪ್‌ನಲ್ಲಿ 'ಶುರು' ಒತ್ತಿ, ನೂರು ಮೀಟರ್ ಎಳೆದು, ಬಟ್ಟೆ ಮಗುಚಿ ನೋಡಿದರು. ಏನೂ ಇರಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿಕೊಂಡು ಇಳಿಜಾರಿನತ್ತ ನಡೆದರು.

"ಜಟ್ಟಪ್ಪಣ್ಣ, ಬರೀಲಿಲ್ಲ?"

"ಎಂತ ಬರೆಯೋದು? ಇಲ್ಲಿ ಇಲ್ಲ. ಆಚೆ ದನ ಹೋಗೋ ಹಾದಿ ಉಂಟು, ಅಲ್ಲಿ ಇರ್ತದೆ ಬಾ."

"ಇಲ್ಲ ಅನ್ನೋದನ್ನೇ ಬರೀಬೇಕಲ್ಲಾ?"

ಜಟ್ಟಪ್ಪ ನಿಂತು ಅವರ ಮುಖ ನೋಡಿದರು. "ನೀನೆಂತ ಹೇಳ್ತೀಯ ತಂಗಿ? ಅಣಬೆಗೆ ಹೋದೋನು ಇಲ್ಲದ ಜಾಗದಲ್ಲಿ ನಿಂತ್ಕೊತಾನಾ? ಹಿಂದೆ ಒಬ್ಬ ಆಫೀಸರ್ ಇದ್ದ. ಮೂರು ದಿನ ಉಣುಗಿನ ಸೀಸೆ ಖಾಲಿ ಕೊಟ್ಟಿದ್ದಕ್ಕೆ, ಬಾಳೆಹೊನ್ನೂರು ಬಸ್ ಸ್ಟ್ಯಾಂಡಲ್ಲಿ ಕೂತು ಬಂದ್ಯೇನೋ ಅಂತ ಎಲ್ಲರೆದುರು ಕೇಳಿದ. ಅವತ್ತಿಂದ ಜಟ್ಟಪ್ಪ ಬರಿಗೈಲಿ ಬಂದಿಲ್ಲ."

ಸುಳ್ಳಿರಲಿಲ್ಲ. ಒಂದೊಂದು ಉಣುಗೂ ನಿಜವಾದದ್ದೇ. ಸಿಗುವವರೆಗೂ ಹುಡುಕುವುದು ಕಾಡಿನಲ್ಲಿ ಬದುಕಿದವರ ಕಸುಬುದಾರಿಕೆ. ಲೆಕ್ಕ ಕೆಟ್ಟದ್ದು ಆ ಕಸುಬುದಾರಿಕೆಯಿಂದಲೇ. ತಸ್ಮಿಯಾ ಬಯ್ಯಲಿಲ್ಲ. ಬಾಳೆಹೊನ್ನೂರಿನ ಕಾಫಿ ಸಾಹುಕಾರರು ಮೂಟೆ ನೋಡುವ ರೀತಿ ನೆನಪಿಸಿದರು.

"ಅವರು ಮೂಟೆಯ ಮೇಲೆ, ನಡುವೆ, ಅಡಿಗೆ ಕೈಹಾಕಿ ಹಿಡಿ ಹಿಡಿ ತೆಗೀತಾರೆ ಅಲ್ವಾ ಅಣ್ಣ? ಒಳ್ಳೆ ಬೀಜ ಸಿಗೋವರೆಗೂ ಹುಡುಕಿ ಅದನ್ನೇ ತೋರಿಸಿದ್ರೆ?"

"ಮೂಟೆಯೆಲ್ಲ ಒಳ್ಳೇದು ಅಂತ ಮೋಸ ಹೋಗ್ತಾರೆ," ಎಂದ ಜಟ್ಟಪ್ಪ ಕೈಲಿದ್ದ ಬಟ್ಟೆಯನ್ನು ಮತ್ತೊಮ್ಮೆ ಮಗುಚಿ ನೋಡಿದರು. "ಹಾಗಾದ್ರೆ ನಾನು ಎರಡು ವರ್ಷ ನಿಮಗೆ ಮೋಸ ಮಾಡಿದ್ನಾ?"

ಉತ್ತರ ಸಿಕ್ಕಿದ್ದು ಅವರ ಜೇಬಿನಲ್ಲೇ. ಖಾಲಿ ಬಂದ ಜಾಗಗಳನ್ನು ಜಟ್ಟಪ್ಪ ಬರೆದಿರಲಿಲ್ಲ, ಆದರೆ ಎಲ್ಲ ಕಡೆಯೂ 'ಶುರು' ಒತ್ತಿದ್ದರು. ಅರ್ಧಕ್ಕೆ ಬಿಟ್ಟ ಆ ನಮೂದುಗಳು ದಿನಾಂಕ, ಗಂಟೆ, ಸ್ಥಳದ ಸಮೇತ ಮೊಬೈಲಿನಲ್ಲೇ ಉಳಿದಿದ್ದವು. ಒಟ್ಟು ಎಪ್ಪತ್ತೊಂದು. ಮುಂದಿನ ಎರಡು ದಿನ ಇಬ್ಬರೂ ಜಟ್ಟಪ್ಪನ ಮನೆಯ ಜಗಲಿಯಲ್ಲಿ ಕೂತು ಒಂದೊಂದನ್ನೂ ತೆಗೆದು ನೋಡಿದರು. ಯಾವ ಮರದ ಬುಡ, ಯಾವ ಹಳ್ಳದ ದಂಡೆಯೆಂದು ತಸ್ಮಿಯಾ ನಕ್ಷೆಯಲ್ಲಿ ತೋರಿಸಬೇಕು, ಜಟ್ಟಪ್ಪ ಕಣ್ಣುಮುಚ್ಚಿ ಅವತ್ತು ಅಲ್ಲಿ ಏನಾಯಿತೆಂದು ಹೇಳಬೇಕು.

"ಇದು ಖಾಲಿ. ಇದೂ ಖಾಲಿ. ಇದು ಮಳೆ ಹೊಡೀತು, ಬಟ್ಟೆ ಸುತ್ಕೊಂಡು ಓಡಿದ್ದು. ಇದು... ಇದು ಹೆಜ್ಜೇನು. ಇದನ್ನ ಮರೆಯೋಕಾಗ್ತದಾ! ಮೂರು ದಿನ ನನ್ನ ಮುಖ ನೋಡಿ ಮನೆ ನಾಯಿನೇ ಬೊಗಳ್ತಿತ್ತು."

ಐವತ್ತೆರಡು ಖಾಲಿ ಎಳೆತ. ಹದಿನೈದು ಮಳೆ, ಜೇನು, ಆನೆಯ ಕಾರಣಕ್ಕೆ ಬಿಟ್ಟದ್ದು. ನಾಲ್ಕು ನೆನಪಾಗಲಿಲ್ಲ, ನೆನಪಿಲ್ಲ ಎಂದೇ ಜಟ್ಟಪ್ಪ ಹೇಳಿದರು. ನೆನಪನ್ನು ಹಾಗೇ ನಂಬುವವರ ಪೈಕಿಯಲ್ಲ ತಸ್ಮಿಯಾ. ಮಳೆಯೆಂದ ಒಂಬತ್ತು ದಿನಗಳನ್ನು ಮಳೆಮಾಪನದ ದಾಖಲೆಯೊಂದಿಗೆ ತಾಳೆ ನೋಡಿದರು, ಎಂಟು ಕೂಡಿಬಂದವು. ಐವತ್ತೆರಡು ಸೊನ್ನೆ ಸೇರಿಸಿದಾಗ ಜಟ್ಟಪ್ಪನ ಎಳೆತಗಳಲ್ಲಿ ಖಾಲಿಯ ಪಾಲು ನೂರಕ್ಕೆ ಮೂವತ್ತೈದು ಬಂತು. ಉಳಿದ ಏಳು ಜನರದ್ದು ಮೂವತ್ತಾರು.

ಡಿಸೆಂಬರ್ ಆರರ ಬೆಳಿಗ್ಗೆ ಲೆಕ್ಕ ಮತ್ತೆ ಓಡಿತು. ನೆನಪಾಗದ ನಾಲ್ಕನ್ನು ಒಮ್ಮೆ ಸೊನ್ನೆಯೆಂದು ಹಿಡಿದು, ಇನ್ನೊಮ್ಮೆ ಬಿಟ್ಟು. ನಡುವೆ ಒಂದು ಸಲ ಕರೆಂಟ್ ಹೋಗಿ ಮಧ್ಯಾಹ್ನವಾಯಿತು. ಎರಡೂ ರೀತಿಯಲ್ಲಿ ಮೊದಲ ಹನ್ನೆರಡು ಊರುಗಳು ಅವೇ ಬಂದವು. ಜಟ್ಟಪ್ಪನ ಕಡೆಯ ಮೂರು ಊರು ಕೆಳಗಿಳಿದಿದ್ದವು. ಕಲ್ಲಹಡ್ಲು ಹನ್ನೊಂದಕ್ಕೆ ಬಂದಿತ್ತು. ಲೆಕ್ಕವನ್ನು ಸಾಲುಸಾಲಾಗಿ ಪರೀಕ್ಷಿಸಿದ ಅರ್ಪಣಾ ಅದೇ ಸಂಜೆ ಸಹಿ ಹಾಕಿದರು. "ದಾಖಲೆ ಕೈಬಿಡಿ ಅಂದಿದ್ದು ನಾನು. ಕೈಬಿಡದೆ ಕಾಡಿಗೆ ಹೋಗಿ ನೋಡಿದ್ದು ತಸ್ಮಿಯಾ. ಸೂತ್ರ ನನ್ನದಿರಬಹುದು, ಅದಕ್ಕೆ ಕಣ್ಣು ಕೊಟ್ಟವರು ಅವರು," ಎನ್ನುತ್ತಾರೆ.

ಕೆಳಗಿಳಿದ ಮೂರರಲ್ಲಿ ಜಟ್ಟಪ್ಪನ ಸ್ವಂತ ಊರೂ ಇತ್ತು. ಅದನ್ನು ತಿಳಿಸುವುದು ಹೇಗೆಂದು ತಸ್ಮಿಯಾ ಅರ್ಧ ದಿನ ಫೋನ್ ಕೈಯಲ್ಲಿ ಹಿಡಿದೇ ಕೂತಿದ್ದರಂತೆ. ಹೇಳಿದ ಮೇಲೆ ಆ ಕಡೆಯಿಂದ ಬಂದ ಮಾತು: "ಕೆಳಗೆ ಹೋಯ್ತಾ? ಒಳ್ಳೇದೇ ಆಯ್ತಲ್ಲ ಮಾರಾಯ್ತಿ! ನಮ್ಮೂರಲ್ಲಿ ಉಣುಗು ಕಮ್ಮಿ ಅಂತ ಆಯ್ತು. ನಾನೇ ಹೆದರಿಸಿಟ್ಟಿದ್ದೆ ಎಲ್ಲರನ್ನೂ."

ಡಿಸೆಂಬರ್ ಕೊನೆಯಲ್ಲಿ ಆರೋಗ್ಯ ತಂಡ ಕಲ್ಲಹಡ್ಲಿಗೆ ಹೋಗತೊಡಗಿತು. ಜನವರಿ ಮೂರನೆಯ ವಾರದ ಒಂದು ಮನೆಭೇಟಿಯಲ್ಲಿ, ಕೊಟ್ಟಿಗೆಗೆ ದರಗು ತರುವ ಐವತ್ತರ ಭೈರಮ್ಮ ಕಂಬಳಿ ಹೊದ್ದು ಮಲಗಿದ್ದು ಕಂಡಿತು. ಜ್ವರದ ಎರಡನೆಯ ದಿನ. ಅವತ್ತೇ ರಕ್ತದ ಮಾದರಿ ತೆಗೆದು ಆಸ್ಪತ್ರೆಗೆ ಕರೆದೊಯ್ದರು. ಕಾಯಿಲೆ ಖಚಿತವಾಯಿತು. ಹನ್ನೊಂದು ದಿನದ ಮೇಲೆ ಭೈರಮ್ಮ ನಡೆದುಕೊಂಡೇ ಮನೆಗೆ ಬಂದರು. ಕಲ್ಲಹಡ್ಲಿನಲ್ಲಿ ಆಮೇಲೆ ಇಬ್ಬರಿಗೆ ಜ್ವರ ಬಂತು. ಇಬ್ಬರೂ ಬೇಗ ಆಸ್ಪತ್ರೆ ಸೇರಿ ಗುಣವಾದರು.

ತಸ್ಮಿಯಾ ಮುಂದಿರುವ ಹಾಳೆಯಲ್ಲಿ ರೋಗಿಗಳ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಭೈರಮ್ಮನ ಹೆಸರು ಹೇಳಿದ್ದು ಪ್ರೇಮಕ್ಕ, ಅದೂ ಬೆಳಗಿನ ಫೋನಿನಲ್ಲಿ, ಕೇಳದೆಯೇ. "ನೀನೊಂದ್ಸಲ ಬಾ ಮಾರಾಯ್ತಿ. ಇವಳೇ ನಿನ್ನ ಉಳಿಸಿದ್ದು ಅಂತ ಭೈರಮ್ಮಂಗೆ ತೋರಿಸ್ತೆ" ಎಂದೂ ಸೇರಿಸಿದರಂತೆ.

ಹೋಗಲಿಲ್ಲ. ಯಾಕೆಂದು ಕೇಳಿದರೆ ಅದಕ್ಕೂ ತಸ್ಮಿಯಾ ಲೆಕ್ಕವನ್ನೇ ಮುಂದಿಡುತ್ತಾರೆ.

"ತಂಡ ಹೋಗದಿದ್ರೂ ಭೈರಮ್ಮನ ಮಗಳು ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ಳೇನೋ. ಮೂರು ಕೇಸಿಂದ ಏನೂ ಸಾಬೀತಾಗಲ್ಲ. ಪಟ್ಟಿಯಿಂದ ಬದುಕಿದ್ರು ಅಂತ ನಾನು ಹೇಳಿದ್ರೆ ಅದೂ ತಪ್ಪು ಲೆಕ್ಕವೇ." ಕಂಪ್ಯೂಟರಿನ ಪರದೆಯತ್ತ ಒಮ್ಮೆ ನೋಡಿ ಮಾತು ಮುಂದುವರಿಸುತ್ತಾರೆ. "ಆದ್ರೆ ಕಲ್ಲಹಡ್ಲು ಆ ಹನ್ನೆರಡರಲ್ಲಿ ಇರಬೇಕಾದ ಊರು. ಇತ್ತು. ಅಷ್ಟನ್ನ ಮಾತ್ರ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."