ಹೆಲನ್ ಬೇಯಿಸಿದ ಬಿದಿರಕ್ಕಿ

ಕುಲಶೇಖರದಲ್ಲಿ ಹೆಲನಳನ್ನು ಗಟ್ಟಿ ಎದೆಯವಳು ಎಂದು ಯಾರೂ ಕರೆದವರಲ್ಲ. ಚರ್ಚಿಗೆ ಹೊರಟರೆ, ಒಲೆ ಆರಿದೆಯೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವಳು. ಬಲ್ಮಠದ ಶಾಲೆಯಲ್ಲಿ ಓದಿ, ಕಸೂತಿಗೆ ಬಹುಮಾನ ಪಡೆದಿದ್ದಳು. ಅಡಿಗೆ ಕಲಿತದ್ದು ಮದುವೆಯಾದ ಮೇಲೆ. ಅದಕ್ಕೋ ಏನೋ, ಒಲೆಯ ಮೇಲಿಟ್ಟದ್ದನ್ನು ಅವಳು ನಂಬುತ್ತಲೇ ಇರಲಿಲ್ಲ. ಮುಚ್ಚಳ ತೆಗೆಯಬೇಕು, ಸೌಟು ಆಡಿಸಬೇಕು, ಅಗುಳು ಹಿಚುಕಬೇಕು, ನೀರು ಸಾಲದೆಂದು ಒಂದು ಚೊಂಬು ತಣ್ಣೀರು ಸುರಿಯಬೇಕು.

ಅರುವತ್ತಾರನೇ ಇಸವಿಯಲ್ಲಿ ಊರಿನಲ್ಲಿ ಅಕ್ಕಿಯೇ ಇಲ್ಲವಾಯಿತು. ರೇಶನ್ ಅಂಗಡಿಯಲ್ಲಿ ಬರೇ ಗೋಧಿ. ಅದೇ ಹೊತ್ತಿಗೆ ಎರಡು ವರ್ಷದ ಡಾಲಿಗೆ ದಡಾರ ಎದ್ದಿತು. ಜ್ವರ ಇಳಿಯಿತು, ಆದರೆ ಗೋಧಿಯ ಗಂಜಿ ಗಂಟಲಿಗಿಳಿದರೆ ಸಾಕು, ವಾಂತಿ. ಮಗುವಿನ ಕುತ್ತಿಗೆ ಬಾಡಿದ ಹರಿವೆ ದಂಟಿನ ಹಾಗೆ ಬಾಗಿತ್ತು.

“ಅಕ್ಕಿ ಗಂಜಿ ಕೊಟ್ಟು ನೋಡಿ. ನಾಳೆ ಸಂಜೆಯೊಳಗೆ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿ, ತಡ ಮಾಡಬೇಡಿ” ಎಂದರು ಡಾಕ್ಟರು.

ಗಂಡ ಯೂಸ್ಟೇಸ್ ಬಂದರಿನ ಲಾರಿ ಆಫೀಸಿನಲ್ಲಿ ಗುಮಾಸ್ತ. ಘಟ್ಟದಿಂದ ಇಳಿದ ಡ್ರೈವರನೊಬ್ಬ ಕೊಟ್ಟ ಗಂಟನ್ನು ಅಂದೇ ತಂದ.

“ಬಿದಿರಕ್ಕಿಯಂತೆ. ಕಾಡಿನಲ್ಲಿ ಬಿದಿರು ಹೂ ಬಿಟ್ಟು ಉದುರಿದ್ದು. ಇದೂ ಅಕ್ಕಿಯೇ ಮಾರಾಯ್ತಿ, ಬೇಯಿಸು.”

“ಬಿದಿರು ಹೂ ಬಿಟ್ಟರೆ ಬರಗಾಲ ಬರ್ತದೆ ಅಂತಾರಲ್ಲ?”

“ಬಂದಾಯ್ತಲ್ಲ. ಇನ್ನೆಂತ ಹೆದರಿಕೆ?”

ಮರುದಿನ ಬೆಳಿಗ್ಗೆ ಹೆಲನ್ ಅಷ್ಟನ್ನೂ ತೊಳೆದು, ಅರ್ಧವನ್ನು ನೀರಿನಲ್ಲೇ ಬಿಟ್ಟು, ಉಳಿದರ್ಧವನ್ನು ಕುಚ್ಚಲಕ್ಕಿಯ ಕ್ರಮದಲ್ಲಿ ಕುದಿಯುವ ನೀರಿಗೆ ಹಾಕಿದಳು. ಪಾತ್ರೆಯ ಪಕ್ಕದಿಂದ ಕದಲಲಿಲ್ಲ. ಮುಚ್ಚಳ ಏಳುತ್ತಲೇ ಇತ್ತು, ತಣ್ಣೀರು ಬೀಳುತ್ತಲೇ ಇತ್ತು.

ಗೋಡೆಯಾಚೆಯಿಂದ ನೆರೆಮನೆಯ ನಬೀಸಾ ಕೂಗಿದಳು: “ಬಾಯಮ್ಮ, ಎಂತ ಅದು ಟಣಟಣ? ಅಡಿಗೆಯಾ, ಬ್ಯಾಂಡಾ?”

“ಬಿದಿರಕ್ಕಿ ನಬೀಸಕ್ಕ, ಬೇಯುವುದೇ ಇಲ್ಲ. ನಿಮಗೆ ಗೊತ್ತುಂಟಾ?”

“ನನಗೆಲ್ಲಿಂದ? ನಾವು ಮೀನಿನವರು, ಕಾಡಿನವರಲ್ಲ!”

ಮಧ್ಯಾಹ್ನಕ್ಕೆ ಅಗುಳು ಹೊರಗೆ ಮೆತ್ತಗೆ, ಒಳಗೆ ಕಲ್ಲು. ಹಿಸುಕಿ ಒಂದು ಚಮಚ ಕೊಟ್ಟಳು. ಡಾಲಿ ಕೆಮ್ಮಿ, ಮುಖ ಕೆಂಪಾಗಿ, ಎಲ್ಲವನ್ನೂ ಅವಳ ಸೆರಗಿಗೇ ಕಾರಿದಳು.

ಬೆಳಿಗ್ಗೆಯಿಂದ ನೀರಿನಲ್ಲೇ ನೆನೆದಿದ್ದ ಅರ್ಧ ಒಂದೇ ಉಳಿದದ್ದು. ಅಷ್ಟರಲ್ಲಿ ಸೌದೆಯೂ ಮುಗಿದಿತ್ತು. ಡಬ್ಬದೊಳಗೆ ಮರದ ಹುಡಿ ಒತ್ತಿ ತುಂಬಿದ ಒಲೆಯನ್ನೇ ಹೊತ್ತಿಸಿ, ಅಕ್ಕಿಯನ್ನು ಅದೇ ನೀರಿನೊಂದಿಗೆ ಇಟ್ಟು ಮುಚ್ಚಿದಳು. ಆ ಒಲೆ ಉರಿಯುವುದಿಲ್ಲ, ಗಂಟೆಗಟ್ಟಲೆ ಕನಲುತ್ತದೆ.

ಡಾಲಿ ಅಳತೊಡಗಿದಳು. ಎತ್ತಿಕೊಂಡು ನಡುಕೋಣೆಯಲ್ಲಿ ಕುಳಿತದ್ದೇ, ಮಗು ಅವಳ ರವಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಎದೆಯ ಮೇಲೆ ನಿದ್ದೆ ಹೋಯಿತು. ಇನ್ನು ಏಳುವ ಹಾಗಿಲ್ಲ. ಎದ್ದರೆ ಎಚ್ಚರ, ಎಚ್ಚರವಾದರೆ ಅಳು, ಅತ್ತರೆ ವಾಂತಿ. ಮೊದಮೊದಲು ಮುಚ್ಚಳ ಗುಳುಗುಳು ಎನ್ನುತ್ತಿತ್ತು. ಆಮೇಲೆ ಅದೂ ನಿಂತಿತು.

ತಳ ಹಿಡಿಯಿತು! ಹೆಲನಳ ಕಾಲು ತಾನಾಗಿಯೇ ಅಡಿಗೆಮನೆಯ ಕಡೆಗೆ ಎಳೆಯಿತು. “ನಬೀಸಕ್ಕ!” ಎಂದು ಪಿಸುಗುಟ್ಟಿದಳು, ಜೋರಾಗಿ ಕೂಗುವಂತಿಲ್ಲವಲ್ಲ. ಮಗುವಿನ ಮೂಗಿಗೆ ಬೆರಳು ಹಿಡಿದು ಉಸಿರು ನೋಡಿದಳು. ಜಪಸರ ಅಡಿಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಬೆರಳುಗಳನ್ನೇ ಮಣಿ ಮಾಡಿ ಜಪಿಸಿದಳು. ನಡುನಡುವೆ ಲೆಕ್ಕ ತಪ್ಪಿ ಕಣ್ಣೀರು.

ಬೆಳಕು ಬಾಗುವ ಹೊತ್ತಿಗೆ ಯೂಸ್ಟೇಸ್ ಬಂದ. “ಟ್ಯಾಕ್ಸಿ ನಿಂತಿದೆ. ಹೊರಡು, ಆಸ್ಪತ್ರೆಗೆ.”

“ಮೊದಲು ಮುಚ್ಚಳ ತೆಗೀರಿ!”

ಅವನು ತೆಗೆದ. ತಳದಲ್ಲಿ ಸ್ವಲ್ಪ ಕರಟಿತ್ತು. ಮೇಲಿನದೆಲ್ಲ ಬಿರಿದು, ಅಂಟಂಟಾಗಿ, ಕೆನೆಯಂತೆ ಕೂಡಿತ್ತು. ಹೆಲನ್ ಉಪ್ಪು ಬೆರೆಸಿ, ಹಿಸುಕಿ, ಆರಿಸಿ ಒಂದು ಚಮಚ ಹಿಡಿದಳು. ಡಾಲಿ ನುಂಗಿದಳು. ಇಬ್ಬರೂ ಉಸಿರು ಬಿಗಿಹಿಡಿದರು. ವಾಂತಿ ಬರಲಿಲ್ಲ. ಇನ್ನೊಂದು. ಮತ್ತೊಂದಕ್ಕೆ ಮಗು ತಾನೇ ಬಾಯಿ ತೆರೆಯಿತು.

ಹೊರಗೆ ಹಾರ್ನ್. “ಟ್ಯಾಕ್ಸಿ ಕಳಿಸಿಬಿಡ್ಲಾ?”

“ಬೇಡ, ಬೇಡ! ಹೊಟ್ಟೆಯಲ್ಲಿ ನಿಲ್ತದೋ ನೋಡುವ.” ಅವಳ ಕೈ ಆಗಲೇ ಮುಚ್ಚಳದ ಮೇಲಿತ್ತು. “ಡ್ರೈವರನಿಗೂ ಒಂದು ಬಟ್ಟಲು ಗಂಜಿ ಕೊಡಿ. ಕಾಯಲಿ.”