ಖಂದ್‌ಮಾ ಟೀಚರ್ ಮತ್ತು ಕಿತ್ತಳೆ ಬಣ್ಣದ ಪ್ಲಗ್ಗು

ನಮ್ಮ ಅರ್ವೈಖೇರ್ ಪೇಟೆಯಲ್ಲಿ ಕಾರು ಕೈಕೊಟ್ಟವರೆಲ್ಲ ಖಂದ್‌ಮಾ ಟೀಚರ್ ಷೆಡ್ಡಿಗೇ ಹೋಗುತ್ತಾರೆ, ಹೋಗಿ ಅವರನ್ನೇ ಬೈಯುತ್ತಾರೆ. ಬೈಗುಳಕ್ಕೆ ಕಾರಣ ಅವರ ನಿಧಾನ. ಹನ್ನೊಂದು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವರು. ಗಂಡ ತೀರಿಕೊಂಡ ಮೇಲೆ ಅವನ ಷೆಡ್ಡನ್ನು ತಾವೇ ವಹಿಸಿಕೊಂಡರು. ಜಪಾನಿನಲ್ಲಿ ಓಡಿ ಸವೆದು ನಮ್ಮ ಪಾಲಿಗೆ ಬಂದ ಹೈಬ್ರಿಡ್ ಕಾರುಗಳೇ ಅವರ ಅಂಗಳದ ತುಂಬ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಏನಾಯಿತೆಂದು ಕೇಳಿದರೆ, "ಒಂದ್ಸಲ ಅವಸರ ಮಾಡಿದ್ದೆ" ಎನ್ನುತ್ತಾರೆ, ಅಷ್ಟೇ.

ನಾದಮ್ ಹಬ್ಬದ ಹಿಂದಿನ ದಿನ ನಾನೂ ಅವರನ್ನು ಬೈದೆ.

ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷ. ಹೊರದೇಶದ ಕಣ್ಣಿನ ವೈದ್ಯರು ರಾಜಧಾನಿ ಉಲಾನ್‌ಬಾತರ್‌ಗೆ ಬಂದಿದ್ದರು, ಅವರು ಆಪರೇಷನ್ ಮಾಡುವ ಕೊನೆಯ ದಿನ ಮಾರನೆಯ ದಿನ. ಅದರ ಹಿಂದಿನ ಸಂಜೆ, ಅಂದರೆ ನಾವು ಹೊರಟ ದಿನವೇ, ಆರರೊಳಗೆ ಆಸ್ಪತ್ರೆಯಲ್ಲಿ ಹಾಜರಿಲ್ಲದವರ ಹೆಸರು ಹೊಡೆದುಹಾಕುತ್ತೇವೆ ಅಂದಿದ್ದರು. ಪೇಟೆಯಿಂದ ಅಲ್ಲಿಗೆ ಆರೂವರೆ ಗಂಟೆಯ ದಾರಿ. ನಮ್ಮ ಬಿಡಾರದಿಂದ ಬೆಳಕು ಹರಿಯುವ ಮುಂಚೆಯೇ ಹೊರಟಿದ್ದೆವು. ಪೇಟೆ ಮುಟ್ಟುವಷ್ಟರಲ್ಲಿ ಸ್ಟಿಯರಿಂಗ್ ಮುಂದಿನ ಫಲಕದಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಹೊತ್ತಿಕೊಂಡಿತು, ಎಳೆತ ಸತ್ತುಹೋಯಿತು. ಹಬ್ಬದ ಜನ ಬಸ್ಸನ್ನೂ ಬಾಡಿಗೆ ಕಾರುಗಳನ್ನೂ ತುಂಬಿಕೊಂಡು ಆಗಲೇ ಹೋಗಿಬಿಟ್ಟಿದ್ದರು. ನೂಕಿಕೊಂಡು ಷೆಡ್ಡಿಗೆ ತಂದಾಗ ಎಂಟೂವರೆ.

ಟೀಚರ್ ಬಾನೆಟ್ಟು ತೆಗೆಯಲೇ ಇಲ್ಲ. ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇದೆ. ಅದಕ್ಕೆ ಮೂಗು ಹಿಡಿದರು.

"ದಮ್ದಿನ್, ವಸಂತದಲ್ಲಿ ಮೇಕೆ ಬಾಚಿದ ಉಣ್ಣೇನ ಇದರಲ್ಲೇ ಸಾಗಿಸಿದ್ಯೇನೋ?"

"ಮತ್ತೆ ತಲೆ ಮೇಲೆ ಹೊರ್ಲಾ? ಎಲ್ರೂ ಹಂಗೇ ತರ್ತಾರೆ."

"ಎಲ್ರೂ ಹಂಗೇ ಇಲ್ಲಿಗೆ ಬರ್ತಾರೆ ಕೂಡ."

ಜಾಲರಿ ಕಿತ್ತು ಒಳಗಿನ ಫ್ಯಾನು ಹೊರತೆಗೆದರು. ಒಂದು ಟೊಪ್ಪಿಗೆಗೆ ಸಾಲುವಷ್ಟು ನಯವಾದ ಕೂದಲು ಅದರ ರೆಕ್ಕೆಗೆ ಸುತ್ತಿಕೊಂಡಿತ್ತು. ಗಾಳಿಯಿಲ್ಲದೆ ಬ್ಯಾಟರಿ ಕಾದಿದೆ, ಸರಿ. ಫ್ಯಾನು ತೊಳೆದು ಹಾಕಿದರೆ ಮುಗಿಯಿತು ಅಂದುಕೊಂಡೆ. ಅವರು ತಲೆಯಾಡಿಸಿದರು. ಬರೀ ಕಾವಾಗಿದ್ದರೆ ಕಾರು ತಣಿದ ಮೇಲೆ ಎದ್ದೇಳಬೇಕಿತ್ತು, ಇದು ಏಳುತ್ತಿಲ್ಲ. ಡಿಕ್ಕಿಯೊಳಗೆ ಬಗ್ಗಿ, ಬ್ಯಾಟರಿಯ ಕರೆಂಟು ಕಡಿಯುವ ಕಿತ್ತಳೆ ಬಣ್ಣದ ಪ್ಲಗ್ಗನ್ನು ಎಳೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಏನು ಕೂತ್ರಿ?"

"ಹತ್ತು ನಿಮಿಷ. ಒಳಗೆ ಉಳಿದಿರೋ ಕರೆಂಟು ಇಳೀಬೇಕು."

"ಟೀಚರ್, ಅಮ್ಮನ ಕಣ್ಣು ಹೋಗುತ್ತೆ! ನಿಮಗೆ ಹೆದರಿಕೆಯಾದ್ರೆ ನಾನೇ ಬಿಚ್ತೀನಿ, ಕೊಡಿ ಸ್ಪ್ಯಾನರ್ರು!" ಕಿರುಚಿಯೇಬಿಟ್ಟೆ. ಹೆಂಗಸಿನ ಕೈಗೆ ಕಾರು ಕೊಟ್ಟಿದ್ದೇ ತಪ್ಪು ಅಂತಲೂ ಅಂದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

"ನಂಗೆ ಹೆದರಿಕೆ ಇದೆ," ಅಂದರು ಟೀಚರ್. "ಅದಕ್ಕೇ ಇನ್ನೂ ಎಂಟು ಬೆರಳು ಮಡಚುತ್ತೆ. ಕೂತ್ಕೋ."

ಹತ್ತು ನಿಮಿಷ ತುಂಬಿದ ಮೇಲೆ ರಬ್ಬರು ಕೈಗವಸು ಹಾಕಿಕೊಂಡು ಬ್ಯಾಟರಿಯ ಮುಚ್ಚಳ ತೆಗೆದರು. ಮೀಟರಿನ ಎರಡು ಕಡ್ಡಿಗಳನ್ನು ಒಳಗಿನ ಒಂದೊಂದೇ ಜೋಡಿ ಸೆಲ್ಲಿಗೆ ಮುಟ್ಟಿಸಿ, ಬಂದ ಲೆಕ್ಕವನ್ನು ಸೀಮೆಸುಣ್ಣದಿಂದ ಗೋಡೆಗೆ ಬರೆದರು. ಹದಿನಾಲ್ಕು ಜೋಡಿಯೂ ಹೆಚ್ಚುಕಡಿಮೆ ಒಂದೇ. ಬ್ಯಾಟರಿ ಬದುಕಿತ್ತು! ಹಾಗಾದರೆ ತಡೆ ಎಲ್ಲಿ? ಟಾರ್ಚು ಹಿಡಿದು ಬದಿಯ ತಾಮ್ರದ ಪಟ್ಟಿಗಳನ್ನು ನೋಡಿದರು. ಕೊನೆಯ ಮೂರು ಪಟ್ಟಿಗಳ ಮೇಲೆ ಹಸಿರು ಕಿಲುಬು ದಪ್ಪಗೆ ಕೂತಿತ್ತು. ಕೈಗವಸಿನ ಬೆರಳಿಂದ ಕೆರೆದು ಮೂಸಿದರು.

"ಐರಗ್," ಅಂದರು.

ಹುಳಿ ಬಂದ ಕುದುರೆ ಹಾಲು. ನಮ್ಮ ಕಡೆಯವರು ಪಟ್ಟಣಕ್ಕೆ ಹೋಗುವಾಗ ಡಿಕ್ಕಿಯಲ್ಲಿ ಒಂದು ಕ್ಯಾನು ಐರಗ್ ಇಡದೆ ಹೊರಟದ್ದುಂಟೇ? ದಾರಿಯ ಕುಲುಕಾಟಕ್ಕೆ ಅದು ಉಬ್ಬಿ ಮುಚ್ಚಳ ಎಗರಿಸುತ್ತದೆ, ನಾವು ನಗುತ್ತಾ ಒರೆಸಿ ಹಾಕುತ್ತೇವೆ. ಒರೆಸಲು ಸಿಗದ್ದು ಕೆಳಗಿಳಿದು ತಾಮ್ರ ತಿನ್ನುತ್ತಾ ಕೂತಿತ್ತು.

ಬಾಗಿಲ ಬಳಿ ಕೂತಿದ್ದ ಅಮ್ಮನಿಗೆ ಎಲ್ಲವೂ ಕೇಳಿಸಿತು. "ಕ್ಯಾನು ಇಟ್ಟವಳು ನಾನೇ. ಹೋದ ವರ್ಷವೂ, ಈ ವರ್ಷವೂ. ನನ್ನ ಕಣ್ಣಿಗೆ ನಾನೇ ಮಣ್ಣು ಹಾಕ್ಕೊಂಡೆ."

"ಇಲ್ಲಮ್ಮ," ಅಂದರು ಟೀಚರ್, ಕಿಲುಬು ಉಜ್ಜುತ್ತಲೇ. "ಹೋದ ಸೆಪ್ಟೆಂಬರಿನಲ್ಲಿ ಇವನು ಕಾರು ತಂದಾಗ ಈ ಮುಚ್ಚಳದ ಅಂಚಲ್ಲಿ ಬಿಳೀ ಕಲೆ ನೋಡಿದ್ದೆ. ಒರೆಸಿ ಕಳಿಸಿದೆ, ಬಿಚ್ಚಿ ನೋಡ್ಲಿಲ್ಲ. ತಪ್ಪು ನಂದು."

ಯಾರೂ ಕೇಳದಿದ್ದ ಮಾತು ಅದು. ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಕೂಗಾಡಲು ಕಾರಣ ಸಿಕ್ಕಿತ್ತು, ನಾನು ಮಾತ್ರ ಟಾರ್ಚು ಎತ್ತಿ ಅವರ ಕೈಗೆ ಬೆಳಕು ಹಿಡಿದೆ.

ಪಟ್ಟಿಗಳು ಕೆಂಪಗೆ ಹೊಳೆದವು. ಕೂದಲು ಬಿಡಿಸಿದ ಫ್ಯಾನು ಕೂತಿತು, ಮುಚ್ಚಳ ಕೂತಿತು, ಪ್ಲಗ್ಗು ಕೂತಿತು, ತ್ರಿಕೋನ ಆರಿತು. ಹತ್ತೂ ಮುಕ್ಕಾಲು. ನಾನು ಸ್ಟಿಯರಿಂಗ್ ಹಿಡಿದೆ. ಟೀಚರ್ ಬಾಗಿಲಿಗೆ ಅಡ್ಡ ನಿಂತರು.

"ಫ್ಯಾನು ಓಡ್ತಿದೆ, ಆದ್ರೆ ಮೋಟಾರು ಸುಸ್ತಾಗಿದೆ. ಬದಲಿ ನನ್ಹತ್ರ ಇಲ್ಲ. ನಡುದಾರೀಲಿ ಅದು ನಿಂತ್ರೆ ನಿಂಗೆ ಗೊತ್ತಾಗಲ್ಲ, ಬ್ಯಾಟರಿ ಬೆಂದು ಹೋಗುತ್ತೆ." ಆಮೇಲೆ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅವಳ ಅಂಗೈಯನ್ನು ಹಿಡಿದು ಜಾಲರಿಯ ಮೇಲಿಟ್ಟರು. "ಗಾಳಿ ಒಳಕ್ಕೆ ಎಳೀತಿದ್ಯಾ ಅಮ್ಮ?"

"ಹೂಂ ಮಗಳೇ. ಕರು ಮೂಸಿದ ಹಾಗೆ."

"ಅದು ನಿಂತ ಕೂಡ್ಲೇ ಇವನಿಗೆ ಹೇಳಿ. ಇವನು ಕಾರು ನಿಲ್ಸಿ, ಬಾಗಿಲೆಲ್ಲ ತೆಗೆದು ತಣಿಸ್ಲಿ. ಕಣ್ಣು ಬೇಡ ಈ ಕೆಲ್ಸಕ್ಕೆ."

ಲೂನ್ ಸೇತುವೆಗೆ ಮುಂಚೆ ಅಮ್ಮ "ನಿಂತಿತು!" ಎಂದು ಚೀರಿದಳು. ಬಯಲ ಗಾಳಿಗೆ ನಾಲ್ಕೂ ಬಾಗಿಲು ತೆಗೆದು ಇಪ್ಪತ್ತು ನಿಮಿಷ ನಿಂತೆವು. ಗಡಿಯಾರ ನೋಡಿ ನೋಡಿ ಸಾಕಾಗಿ ಜಾಲರಿಯ ಬದಿಗೆ ಎರಡು ಗುದ್ದು ಗುದ್ದಿದೆ. ಫ್ಯಾನು ಮತ್ತೆ ತಿರುಗಿತು. ಅಲ್ಲಿಂದ ಮುಂದೆ ಅಮ್ಮ ನೀರೂ ಕುಡಿಯಲಿಲ್ಲ, ಕೈಯೂ ಬದಲಿಸಲಿಲ್ಲ. ಆಗಾಗ "ಉಸಿರಾಡ್ತಿದೆ, ಹೋಗು" ಅನ್ನುವುದು, ಅಷ್ಟೇ.

ಪಟ್ಟಣದ ಸದ್ದು, ಹಾರ್ನು, ತಿರುವುಗಳು. ಒಂದು ಕಡೆ ನಿಲ್ಲಿಸಿ ಕಾರು ಆರಿಸಿದೆ.

"ದಮ್ದಿನ್!" ಅಮ್ಮ ಹಿಂದಿನಿಂದ ನನ್ನ ಭುಜ ಹಿಡಿದಳು. "ಮಗಾ, ಉಸಿರು ನಿಂತ್ಹೋಯ್ತು!"

"ಇಲ್ಲಮ್ಮ, ನಾನೇ ನಿಲ್ಸಿದ್ದು," ಅಂದೆ. "ಆಸ್ಪತ್ರೆ ಬಾಗಿಲು ಇದು. ಇನ್ನೂ ಆರಾಗಿಲ್ಲ."